ಹಳೆಯ ಕಂಪ್ಯೂಟರ್‌ಗಳಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಪ್ರಶ್ನೆ: ನಮ್ಮದು ಕಲಬುರಗಿಯ ಬ್ರಹ್ಮಪುರ. 1989ರಿಂದ 2012ರ ತನಕ ಸೂಪರ್ ಮಾರ್ಕೆಟ್ ಹತ್ತಿರ ಕಂಪ್ಯೂಟರ್ ತರಬೇತಿ ಕೇಂದ್ರ ಮತ್ತು ಡಿಟಿಪಿ (ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸುವ) ಅಂಗಡಿ ನಡೆಸಿದೆ. ಅಂಗಡಿ ಮುಚ್ಚಿದ ಮೇಲೂ ಯಂತ್ರಗಳನ್ನು ಕೊಟ್ಟುಬಿಡಲು ಮನಸ್ಸು ಬರಲಿಲ್ಲ. ಸಿಕ್ಕಲ್ಲಿಂದ ಇನ್ನಷ್ಟು ತಂದು ಸೇರಿಸಿದೆ. ಈಗ ಮಾಳಿಗೆ ಮೇಲಿನ ತಗಡಿನ ಶೆಡ್‌ನಲ್ಲಿ ಇರುವುದು ಇಷ್ಟು: ಶಾಲೆಯೊಂದರ ಹರಾಜಿನಲ್ಲಿ ಸಿಕ್ಕ ಯುನಿಕಾರ್ನ್ ಕಂಪ್ಯೂಟರ್, ಒಂದು ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಮನೆ ಕಂಪ್ಯೂಟರ್, 20 ಎಂಬಿ ಹಾರ್ಡ್ ಡಿಸ್ಕಿನ ಪಿಸಿ ಎಕ್ಸ್‌ಟಿ, 3 ‘386’ಗಳು (ಒಂದರಲ್ಲಿ ಕನ್ನಡ ತೋರಿಸುವ ಕಾರ್ಡ್ ಇದೆ), ಕನ್ನಡ ಡಿಟಿಪಿ ಮಾಡುತ್ತಿದ್ದ ‘486’ ಅದರ ಡಾಂಗಲ್ (ಸಿಕ್ಕಿಸಿದರೆ ಮಾತ್ರ ತಂತ್ರಾಂಶ ತೆರೆಯುವ ಸಾಧನ) ಸಮೇತ, ಹತ್ತಾರು ಪೆಂಟಿಯಂ, 14 ಸಿಆರ್‌ಟಿ (ಹಳೆಯ ಟಿವಿಯಂಥ ಗಾಜಿನ ಕೊಳವೆಯ) ಮಾನಿಟರ್, 4 ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, 2 ಯುಪಿಎಸ್, 300ರಷ್ಟು ಫ್ಲಾಪಿ, ಒಂದು ಬೀರು ತುಂಬ ಮ್ಯಾನುವಲ್. ನಾವು ಅಚ್ಚಿಗೆ ಜೋಡಿಸಿಕೊಟ್ಟ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಕವನ ಸಂಕಲನ, ಪಿಎಚ್.ಡಿ. ಪ್ರಬಂಧ ಎಲ್ಲವೂ ಆ ಫ್ಲಾಪಿಗಳಲ್ಲಿವೆ.

ಆಷಾಢ ಹಿಡಿಯುವುದರೊಳಗೆ ಸೇಡಂ ರಸ್ತೆಯ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಹೋಗಬೇಕು. ‘ಅಪ್ಪಾ, ಎಲ್ಲಾ ಗುಜರಿಗೆ ಹಾಕಿಬಿಡ್ರಿ’ ಅಂತಾನೆ ಮಗ. ಗುಜರಿಯವರು ಕೆ.ಜಿ. ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಗೆಳೆಯರೊಬ್ಬರು ‘ಅದರೊಳಗ ಬಂಗಾರ ಅದ, ಸುಮ್ನ ಕೊಡಬ್ಯಾಡ’ ಅನ್ನುತ್ತಾರೆ. ಇನ್ನೊಬ್ಬರು ಇಂಟರ್‌ನೆಟ್‌ನಲ್ಲಿ ಹಳೆ ಕಂಪ್ಯೂಟರ್ ಲಕ್ಷಗಟ್ಟಲೆಗೆ ಹೋಗುತ್ತದೆ ಅನ್ನುತ್ತಾರೆ. ಅಂಗಡಿ ಮುಚ್ಚಿದಂದಿನಿಂದ ಯಾವುದನ್ನೂ ಆನ್ ಮಾಡಿಲ್ಲ. ಒಂದೊಂದಾಗಿ ಚಾಲೂ ಮಾಡಿ ನೋಡಿ, ಓಡಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಕೊಡಬೇಕು ಎಂದುಕೊಂಡಿದ್ದೇನೆ. ಸರಿಯೇ? ಊರಿನ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ, ಅಲ್ಲಿಡಬಹುದೇ? ಸ್ಪೆಕ್ಟ್ರಮ್‌ನ ಅಡಾಪ್ಟರ್ ಕಳೆದಿದೆ, ಬೇರೆ 9 ವೋಲ್ಟಿನದು ಹಾಕಬಹುದೇ? ನನ್ನ ದುಡಿಮೆಯೆಲ್ಲ ಆ ಶೆಡ್‌ನಲ್ಲಿದೆ. ದಾರಿ ತೋರಿಸಿ.

— ಕಲಬುರಗಿಯ ಓದುಗರು

ಉತ್ತರ: ನಿಮ್ಮ ಚಿಂತೆ ಎರಡು ಬಗೆಯದು. ಒಮ್ಮೆ ಕೈತಪ್ಪಿದರೆ ಮತ್ತೆ ಸಿಗದ ವಸ್ತು ಗುಜರಿಯ ತಕ್ಕಡಿ ಏರೀತು ಎಂಬುದು ಒಂದು. ಆ ಭಯಕ್ಕೆ ಎಲ್ಲವನ್ನೂ ಹೊತ್ತು ತಂದರೆ ಹೊಸ ಮನೆಯಲ್ಲಿ ಮನೆಮಂದಿಗೇ ಕಾಲಿಡಲು ಜಾಗ ಉಳಿಯಲಿಕ್ಕಿಲ್ಲ ಎಂಬುದು ಇನ್ನೊಂದು. ಈ ಭಾಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡೇ ಬಂದವನು ನಾನು. ಇಂಥ ಶೆಡ್‌ಗಳನ್ನು ಬಹಳ ನೋಡಿದ್ದೇನೆ. ಕಂಡುಕೊಂಡದ್ದು ಇಷ್ಟು: ಹೆಚ್ಚು ಜಾಗ ಹಿಡಿಯುವ ವಸ್ತುವಿಗೆ ಬೆಲೆ ಕಡಿಮೆ, ನಿಜವಾದ ಬೆಲೆಯುಳ್ಳದ್ದಕ್ಕೆ ಜಾಗವೇ ಅಷ್ಟಾಗಿ ಬೇಡ. ನಿಮ್ಮ 14 ಮಾನಿಟರ್ ಒಂದು ಕೋಣೆ ತುಂಬುತ್ತವೆ. ನೀವು ವರ್ಷಾನುಗಟ್ಟಲೆ ಮಾಡಿದ ಕನ್ನಡದ ಕೆಲಸ ಅಂಗೈಯಲ್ಲಿ ಹಿಡಿಸುತ್ತದೆ. ಆದ್ದರಿಂದ ಯಾವುದು ಹಳೆಯದು, ಯಾವುದು ಓಡುತ್ತದೆ ಎಂದು ನೋಡಿ ಆರಿಸಬೇಡಿ. ಯಾವುದು ಬೇರೆ ಕಡೆ ಸಿಗುವುದಿಲ್ಲ ಎಂದು ನೋಡಿ ಆರಿಸಿ.

ಅದಕ್ಕೂ ಮೊದಲು ಒಂದು ತುರ್ತಿನ ಮಾತು. ದಯವಿಟ್ಟು ಯಾವುದನ್ನೂ ಆನ್ ಮಾಡಬೇಡಿ.

‘ಓಡುತ್ತದೋ ಇಲ್ಲವೋ ನೋಡೋಣ’ ಎಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಇಷ್ಟು ವರ್ಷ ಕರೆಂಟು ಕಾಣದ ಯಂತ್ರಕ್ಕೆ ನೇರವಾಗಿ 230 ವೋಲ್ಟ್ ಕೊಟ್ಟರೆ, ಅಲ್ಲಿಯವರೆಗೆ ನೆಟ್ಟಗಿದ್ದದ್ದೂ ಆಗ ಸುಟ್ಟುಹೋಗಬಹುದು. ಪವರ್ ಸಪ್ಲೈಯಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಒಳಗೆ ದ್ರವ ಇರುತ್ತದೆ. ಬಿಸಿ ಹತ್ತು ಡಿಗ್ರಿ ಏರಿದರೆ ಅವುಗಳ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ನಮ್ಮ ಕಸುಬಿನವರ ಲೆಕ್ಕ. ನಮ್ಮ ಬೇಸಿಗೆ ನೆರಳಲ್ಲೇ 40 ಡಿಗ್ರಿ ದಾಟುತ್ತದೆ, ತಗಡಿನ ಶೆಡ್ ಒಳಗೆ ಕೇಳುವುದೇ ಬೇಡ. ಆ ದ್ರವ ಒಣಗಿರುತ್ತದೆ, ಇಲ್ಲವೇ ಸೋರಿರುತ್ತದೆ. ಎಂಬತ್ತರ ದಶಕದ ಅನೇಕ ಪವರ್ ಸಪ್ಲೈಗಳಲ್ಲಿ ಮೇನ್ಸ್‌ಗೆ ಅಡ್ಡಲಾಗಿ ರೀಫಾ ಎಂಬ ಕಾಗದದ ಕೆಪಾಸಿಟರ್ ಕೂಡ ಇರುತ್ತಿತ್ತು. ನಿಮ್ಮ ಯುನಿಕಾರ್ನ್‌ನ ಮೂಲವಾದ ಬಿಬಿಸಿ ಮೈಕ್ರೊ ಈ ವಿಷಯದಲ್ಲಿ ಹೆಸರುವಾಸಿ. ಅದರ ಹಳದಿ ಕವಚ ಕಾಲಕ್ರಮೇಣ ಬಿರುಕು ಬಿಡುತ್ತದೆ, ಬಿರುಕಿನಿಂದ ತೇವ ಒಳಗಿಳಿಯುತ್ತದೆ. ಆನ್ ಮಾಡಿದ ಕೆಲವೇ ನಿಮಿಷಗಳಲ್ಲಿ ಸಿಡಿದು ಕೋಣೆ ತುಂಬ ದಟ್ಟ ಹೊಗೆ. ‘ತಿಂಗಳಿಗೊಮ್ಮೆ ಚಾಲೂ ಮಾಡುತ್ತಿದ್ದರೆ ಹಳೆ ಯಂತ್ರ ಚೆನ್ನಾಗಿರುತ್ತದೆ’ ಎನ್ನುವವರ ಮಾತು ಸದಾ ಬಳಕೆಯಲ್ಲಿರುವ ಯಂತ್ರಕ್ಕೆ ಸಲ್ಲುತ್ತದೆ, ಮೂಲೆ ಸೇರಿದ ಯಂತ್ರಕ್ಕಲ್ಲ.

ಆನ್ ಮಾಡುವ ಬದಲು ಸ್ಕ್ರೂಡ್ರೈವರ್ ಹಿಡಿದು ಮುಚ್ಚಳ ತೆಗೆಯಿರಿ. ನಿಮ್ಮ 386 ಮತ್ತು 486ಗಳನ್ನು ಈ ವಾರವೇ ನೋಡಬೇಕು, ಶಿಫ್ಟಿಂಗ್ ದಿನದ ತನಕ ಕಾಯಬೇಡಿ. ಮದರ್‌ಬೋರ್ಡಿನಲ್ಲಿ ಕೀಬೋರ್ಡ್ ಸಿಕ್ಕಿಸುವ ದುಂಡನೆಯ ಸಾಕೆಟ್ ಹುಡುಕಿ. ಅದರ ಆಸುಪಾಸಿನಲ್ಲಿ ಕಿರುಬೆರಳಿನಷ್ಟು ಉದ್ದದ, ನೀಲಿ ಅಥವಾ ಹಸಿರು ಪ್ಲಾಸ್ಟಿಕ್ ಸುತ್ತಿದ ಸಿಲಿಂಡರ್ ಒಂದು ಅಡ್ಡ ಮಲಗಿರುತ್ತದೆ. ಅದು 3.6 ವೋಲ್ಟಿನ ನಿಕ್ಕೆಲ್-ಕ್ಯಾಡ್ಮಿಯಂ ಬ್ಯಾಟರಿ. ಗಡಿಯಾರ ಮತ್ತು ಸೆಟಪ್ ನೆನಪಿಡಲು ಇಟ್ಟದ್ದು. ಸತ್ತ ಮೇಲೆ ಅದು ಕ್ಷಾರವನ್ನು ಕಾರುತ್ತದೆ. ಮಣ್ಣಿನ ಗೋಡೆಗೆ ಉಪ್ಪು ಏರುವ ಹಾಗೆ ಆ ಕ್ಷಾರ ಬೋರ್ಡಿನ ಹಸಿರು ಲೇಪದ ಕೆಳಗೆ ತಾಮ್ರದ ಗೆರೆ ಹಿಡಿದು ಹಬ್ಬುತ್ತ ಹೋಗುತ್ತದೆ. ಮೇಲೆ ಕಾಣುವುದು ಸ್ವಲ್ಪವೇ: ಲೇಪದ ಹೊಳಪು ಮಾಸಿರುತ್ತದೆ, ಕೈಯಾಡಿಸಿದರೆ ಸಣ್ಣ ಗುಳ್ಳೆಗಳು, ಪಕ್ಕದ ಚಿಪ್ಪಿನ ಕಾಲುಗಳಲ್ಲಿ ನೀಲಿ-ಹಸಿರು ಪುಡಿ. ಕೀಬೋರ್ಡ್ ಸಾಕೆಟ್‌ಗೆ ಅಂಟಿಕೊಂಡೇ ಇರುವುದರಿಂದ ಬಹಳ ಬೋರ್ಡ್‌ಗಳು ‘ಕೀಬೋರ್ಡ್ ಎರರ್’ ತೋರಿಸಿಯೇ ಸಾಯುತ್ತವೆ.

ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಕಟ್ಟರ್‌ನಿಂದ ಬ್ಯಾಟರಿಯ ಕಾಲುಗಳನ್ನು ಕತ್ತರಿಸಿ ತೆಗೆಯಿರಿ. ಪುಡಿ ಕಂಡರೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿ ಒರೆಸಿ. ವಿನೆಗರ್ ಇಲ್ಲದಿದ್ದರೆ ಲಿಂಬೆರಸವೂ ಆದೀತು. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆದು ನೆರಳಲ್ಲಿ ಒಣಗಿಸಿ. ಕೈಗೆ ಗ್ಲೌಸ್ ಇರಲಿ, ಕಣ್ಣಿಗೆ ಕನ್ನಡಕವಿರಲಿ. ಜತೆಗೆ ಹಾರ್ಡ್ ಡಿಸ್ಕಿನ ಮೇಲಿನ ಚೀಟಿಯಲ್ಲಿ ಬರೆದಿರುವ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಆ ಕಾಲದ ಬಯಾಸ್‌ಗಳಲ್ಲಿ (ಯಂತ್ರ ಶುರುವಾದೊಡನೆ ಓಡುವ ಮೂಲ ತಂತ್ರಾಂಶ) ಹೆಚ್ಚಿನವು ಡಿಸ್ಕನ್ನು ತಾವಾಗಿ ಗುರುತಿಸುವುದಿಲ್ಲ, ನಾವೇ ತುಂಬಬೇಕು. ಎಕ್ಸ್‌ಟಿಯ ಮದರ್‌ಬೋರ್ಡಿನಲ್ಲಿ ಈ ಬ್ಯಾಟರಿ ಇರುವುದಿಲ್ಲ. ಗಡಿಯಾರವೇ ಇಲ್ಲದ ಯಂತ್ರವಾದ್ದರಿಂದ ಬೂಟ್ ಆದಾಗಲೆಲ್ಲ ತಾರೀಖು ಕೇಳುತ್ತಿದ್ದದ್ದು ನಿಮಗೆ ನೆನಪಿರಬಹುದು. ಆದರೂ ಅದರ ಮಲ್ಟಿ-ಐಒ ಕಾರ್ಡಿನಲ್ಲಿ ಬ್ಯಾಟರಿ ಕೂತಿರುವುದುಂಟು, ನೋಡಿಬಿಡಿ.

ಇನ್ನು ಫ್ಲಾಪಿಗಳು. ಶೆಡ್‌ನಲ್ಲಿರುವ ಎಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಇವೇ. ಎಲ್ಲವೂ 1.44 ಎಂಬಿಯವೇ ಎಂದು ಹಿಡಿದರೂ 300 ಫ್ಲಾಪಿ ಸೇರಿ 432 ಎಂಬಿ. ಈಗಿನ ಅತಿ ಅಗ್ಗದ ಪೆನ್‌ಡ್ರೈವಿನ ಒಂದು ಮೂಲೆ ಅಷ್ಟೇ. ಆದರೆ ಅವುಗಳಲ್ಲಿ ಇರುವುದು ಕಲಬುರಗಿಯಲ್ಲಿ ಕನ್ನಡ ಕಂಪ್ಯೂಟರಿಗೆ ಇಳಿದ ಕಾಲದ ಕೆಲಸ. ಅಂದಿನ ಜಾತ್ರೆಯ ಕರಪತ್ರ ಊರಲ್ಲಿ ಬೇರೆ ಯಾರ ಹತ್ತಿರ ಸಿಗುತ್ತದೆ? ಅಚ್ಚಾದ ಪ್ರತಿಗಳೆಲ್ಲ ರದ್ದಿಗೆ ಹೋಗಿ ಎಷ್ಟೋ ವರ್ಷವಾಗಿರುತ್ತದೆ.

‘ಹತ್ತು ವರ್ಷವಾದರೆ ಫ್ಲಾಪಿ ತಾನಾಗಿ ಅಳಿಸಿಹೋಗುತ್ತದೆ’ ಎಂಬ ಮಾತು ಬಹಳ ಕೇಳುತ್ತೇವೆ. ಕಾಂತೀಯ ಗುರುತು ಅಷ್ಟು ಸುಲಭಕ್ಕೆ ಮಾಸುವುದಿಲ್ಲ. ಕೆಡುವುದು ಅದನ್ನು ಹಿಡಿದಿಟ್ಟಿರುವ ಲೇಪ, ಮತ್ತು ಲೇಪದ ಮೇಲೆ ಬೆಳೆಯುವ ಬೂಸ್ಟು. ಮಂಗಳೂರು ಕಡೆಯ ಫ್ಲಾಪಿಗಳಿಗೆ ಹೋಲಿಸಿದರೆ ನಮ್ಮ ಒಣ ಹವೆಯಲ್ಲಿ ಬೂಸ್ಟಿನ ಕಾಟ ಕಡಿಮೆ, ದೂಳಿನ ಕಾಟ ಜಾಸ್ತಿ. ಓದಿಸುವ ಮುಂಚೆ ತಟ್ಟೆಯನ್ನು ಬೆರಳಿನಿಂದ ನಿಧಾನ ತಿರುಗಿಸುತ್ತ ಕಿಂಡಿಯಲ್ಲಿ ಬೆಳಕು ಹಾಯಿಸಿ ನೋಡಿ. ಬಿಳಿ ಚುಕ್ಕೆ ಕಂಡರೆ ಆ ಫ್ಲಾಪಿ ಬದಿಗಿರಲಿ. ಹಾಗೆಯೇ ತೂರಿಸಿದರೆ ಕೊಳೆ ಡ್ರೈವಿನ ಹೆಡ್‌ಗೆ ಮೆತ್ತಿಕೊಂಡು ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ಓದಿಸುವ ಪ್ರತಿಯೊಂದಕ್ಕೂ ಬರೆಯದಂತೆ ತಡೆ ಹಾಕಿ: 5.25 ಇಂಚಿನದಾದರೆ ಅಂಚಿನ ಕಚ್ಚಿಗೆ ಸ್ಟಿಕ್ಕರ್ ಅಂಟಿಸಿ, 3.5 ಇಂಚಿನದಾದರೆ ಮೂಲೆಯ ಕಿಂಡಿ ತೆರೆಯಿರಿ.

3.5 ಇಂಚಿನವಕ್ಕೆ ಯುಎಸ್‌ಬಿ ಡ್ರೈವ್ ಸಾಕು, ಆನ್‌ಲೈನ್‌ನಲ್ಲಿ ಸಿಗುತ್ತದೆ. 5.25 ಇಂಚಿನವಕ್ಕೆ ಅದರಿಂದ ಆಗುವುದಿಲ್ಲ. ಹಳೆಯ ಡ್ರೈವ್ ಬೇಕು, ಅದನ್ನು ಇಂದಿನ ಕಂಪ್ಯೂಟರಿಗೆ ಜೋಡಿಸಲು ಗ್ರೀಸ್‌ವೀಝಲ್‌ನಂಥ ಸಣ್ಣ ಬೋರ್ಡ್ ಬೇಕು. ಫೈಲುಗಳನ್ನಷ್ಟೇ ನಕಲು ಮಾಡಿಕೊಳ್ಳುವುದಕ್ಕಿಂತ ಇಡೀ ಫ್ಲಾಪಿಯ ಇಮೇಜ್, ಅಂದರೆ ಪೂರ್ತಿ ಪಡಿಯಚ್ಚು, ತೆಗೆದಿಡುವುದು ಮೇಲು. ಇವತ್ತು ಓದಲಾಗದ ಒಂದೆರಡು ಸೆಕ್ಟರ್‌ಗಳಿಂದ ನಾಳೆ ಏನಾದರೂ ಹೊರಡೀತು.

ಇಲ್ಲಿ ಕನ್ನಡದ್ದೇ ಆದ ಒಂದು ತೊಡಕಿದೆ. ನೀವು ಆಗ ಜೋಡಿಸಿದ್ದು ಯುನಿಕೋಡ್ (ಈಗ ಎಲ್ಲ ಕಂಪ್ಯೂಟರಿಗೂ ತಿಳಿಯುವ ಅಕ್ಷರ ಸಂಕೇತ) ಅಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬರುವ ತನಕ ವಿಂಡೋಸ್‌ಗೆ ಕನ್ನಡ ತಾನಾಗಿ ತಿಳಿಯುತ್ತಿರಲಿಲ್ಲ. ಶ್ರೀಲಿಪಿ, ಪ್ರಕಾಶಕ, ಆಕೃತಿ, ಬರಹ, ನುಡಿ ಒಂದೊಂದೂ ಅಕ್ಷರಗಳನ್ನು ತನ್ನದೇ ರೀತಿಯಲ್ಲಿ ಸಂಕೇತಕ್ಕೆ ಇಳಿಸುತ್ತಿತ್ತು. ಆ ಫಾಂಟ್ ಇಲ್ಲದೆ ಫೈಲ್ ತೆರೆದರೆ ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ನುಡಿ, ಬರಹದಲ್ಲಿ ಮಾಡಿದ್ದನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸುಲಭವಾಗಿ ಸಿಗುತ್ತವೆ. ಉಳಿದವಕ್ಕೆ ಮೂಲ ಫಾಂಟ್, ತಂತ್ರಾಂಶದ ಇನ್‌ಸ್ಟಾಲ್ ಫ್ಲಾಪಿ, ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಆ ಡಾಂಗಲ್ ಮೂರೂ ಕೈಯಲ್ಲಿರಬೇಕು. ಗುಜರಿಯವರ ಕಣ್ಣಿಗೆ ನಿಮ್ಮ ಡಾಂಗಲ್ ಎರಡು ಕನೆಕ್ಟರ್ ಇರುವ ಪ್ಲಾಸ್ಟಿಕ್ ತುಂಡು. ಅದು ಕಳೆದರೆ ಆ 486ರಲ್ಲಿ ನೀವು ಮಾಡಿದ ಪುಟಗಳನ್ನು ತೆರೆಯುವ ಬೀಗದ ಕೈಯೇ ಹೋದಂತೆ. ಡಾಂಗಲ್‌ಗೊಂದು ಚೀಟಿ ಕಟ್ಟಿ, ಯಾವ ಯಂತ್ರದ್ದು, ಯಾವ ತಂತ್ರಾಂಶದ್ದು ಎಂದು ಬರೆದಿಡಿ.

386ರಲ್ಲಿರುವ ಕನ್ನಡದ ಕಾರ್ಡ್ ಎಂದಿರಿ. ಅದು ಜಿಸ್ಟ್ ಕಾರ್ಡ್ ಆಗಿರುವ ಸಾಧ್ಯತೆ ಹೆಚ್ಚು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ, ಆಮೇಲೆ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ತಂತ್ರಜ್ಞಾನ ಅದು. ಡಾಸ್‌ನ ಪರದೆಯ ಮೇಲೆ ಭಾರತೀಯ ಲಿಪಿಗಳನ್ನು ತೋರಿಸಲು, ಕೀಲಿಮಣೆಯಿಂದ ಬರೆಯಲು ಮಾಡಿದ್ದು. ಅದನ್ನು ಯಾವ ಕಾರಣಕ್ಕೂ ಬಿಡಿಯಾಗಿ ಕಿತ್ತು ಮಾರಬೇಡಿ. ಕಾರ್ಡ್, ಅದರ ಫ್ಲಾಪಿ, ಮ್ಯಾನುವಲ್ ಒಟ್ಟಿಗಿದ್ದರೆ ಅದೊಂದು ದಾಖಲೆ.

ಎಕ್ಸ್‌ಟಿಯ 20 ಎಂಬಿ ಡಿಸ್ಕ್ ಸೀಗೇಟ್ ಎಸ್‌ಟಿ-225 ಜಾತಿಯದಿರಬಹುದು: 5.25 ಇಂಚಿನ ದಪ್ಪ ಇಟ್ಟಿಗೆ, ಹಿಂದೆ ಎರಡು ಅಗಲ ರಿಬ್ಬನ್ ಕೇಬಲ್. ಅದನ್ನು ಅದರ ಕಂಟ್ರೋಲರ್ ಕಾರ್ಡಿನಿಂದ ಬೇರೆ ಮಾಡಬೇಡಿ. ಒಂದು ಕಾರ್ಡಿನಲ್ಲಿ ಫಾರ್ಮ್ಯಾಟ್ ಆದ ಡಿಸ್ಕನ್ನು ಬೇರೆ ಜಾತಿಯ ಕಾರ್ಡ್ ಸಾಮಾನ್ಯವಾಗಿ ಓದುವುದಿಲ್ಲ. ಈ ಡಿಸ್ಕ್‌ಗಳ ಇನ್ನೊಂದು ಸ್ವಭಾವವೆಂದರೆ, ಆಫ್ ಮಾಡಿದಾಗ ಹೆಡ್ ತಾನಾಗಿ ಸುರಕ್ಷಿತ ಜಾಗಕ್ಕೆ ಸರಿಯುವುದಿಲ್ಲ. ಅದಕ್ಕೇ ಆಗ ಮಷಿನ್ ಸಾಗಿಸುವ ಮುನ್ನ ‘ಪಾರ್ಕ್’ ಕಮಾಂಡ್ ಕೊಡುತ್ತಿದ್ದೆವು. ನಿಮ್ಮದನ್ನು ಕೊನೆಯ ಸಲ ಪಾರ್ಕ್ ಮಾಡಿದ್ದಿರೋ ಇಲ್ಲವೋ ಈಗ ಹೇಗೆ ಹೇಳುವುದು? ಪಾರ್ಕ್ ಆಗಿಲ್ಲ ಎಂದೇ ಎಣಿಸಿ, ಆ ಯಂತ್ರವೊಂದನ್ನು ಟಂಟಂಗೆ ಹಾಕದೆ ಕಾರಿನ ಸೀಟಿನ ಮೇಲೆ, ದಿಂಬಿನ ನಡುವೆ ಇಟ್ಟು ಒಯ್ಯಿರಿ.

ಹಣದ ವಿಷಯಕ್ಕೆ ಬರೋಣ. ನಿಮ್ಮ ಗೆಳೆಯರಿಬ್ಬರ ಮಾತಿನಲ್ಲೂ ಒಂದಿಷ್ಟು ನಿಜವಿದೆ. ಅದರಿಂದಲೇ ಅಪಾಯ.

ಬಂಗಾರ ಇದೆ. ಕಾರ್ಡುಗಳ ಅಂಚಿನ ಹಲ್ಲುಗಳಲ್ಲಿ, ಹಳೆಯ ಸೆರಾಮಿಕ್ ಪ್ರೊಸೆಸರ್‌ಗಳಲ್ಲಿ ತೆಳ್ಳನೆಯ ಲೇಪವಿದೆ. ಅದಕ್ಕೆಂದೇ ಹೆಸರಾದ ಪೆಂಟಿಯಂ ಪ್ರೊ ಕೂಡ ಒಂದು ಗ್ರಾಂ ಬಂಗಾರವನ್ನು ಮುಟ್ಟುವುದಿಲ್ಲ. ನಿಮ್ಮ ಮನೆಯ ಮಾಮೂಲಿ ಪೆಂಟಿಯಂಗಳಲ್ಲಿ ಇರುವುದು ಇನ್ನೂ ಅತ್ಯಲ್ಪ. ಅದನ್ನು ತೆಗೆಯಲು ತೀಕ್ಷ್ಣವಾದ ಆಸಿಡ್ ಬೇಕು; ಬಚ್ಚಲಲ್ಲಿ, ಓಣಿಯಲ್ಲಿ ಮಾಡುವ ಕೆಲಸವಲ್ಲ. ಮಾಡಲು ಹೋಗಿ ಶ್ವಾಸಕೋಶ ಸುಟ್ಟುಕೊಂಡವರಿದ್ದಾರೆ. ಈ ಆಸೆಯನ್ನು ಪೂರ್ತಿ ಬಿಡಿ.

ಲಕ್ಷದ ಮಾತೂ ಹಾಗೆಯೇ. ಹೆಸರಾಂತ ಮೊದಲ ತಲೆಮಾರಿನ ಕೆಲವು ಯಂತ್ರಗಳು ಹೊರದೇಶದ ಹರಾಜಿನಲ್ಲಿ ದೊಡ್ಡ ಬೆಲೆಗೆ ಹೋಗಿವೆ, ನಿಜ. ಆದರೆ ಇಂಟರ್‌ನೆಟ್‌ನಲ್ಲಿ ಕಾಣುವ ಹೆಚ್ಚಿನ ಬೆಲೆಗಳು ಮಾರುವವರು ಕೇಳಿದ್ದು, ಕೊಳ್ಳುವವರು ಕೊಟ್ಟದ್ದಲ್ಲ. ಮಾರಾಟವಾಗಿ ಮುಗಿದ ವ್ಯವಹಾರಗಳ ಬೆಲೆಯನ್ನೇ ಹುಡುಕಿ ನೋಡಿ. ಪೆಂಟಿಯಂ 4 ಕಾಲದ ಅಸೆಂಬಲ್ಡ್ ಡಬ್ಬಿಗಳತ್ತ ಸಂಗ್ರಹಕಾರರು ಸದ್ಯ ತಿರುಗಿಯೂ ನೋಡುವುದಿಲ್ಲ. ಬೇಡಿಕೆ ಇರುವುದು ಚಿಕ್ಕ ವಸ್ತುಗಳಿಗೆ: ಐಎಸ್‌ಎ ಸ್ಲಾಟಿನ (ಹಳೆಯ ಬಗೆಯ ಕಾರ್ಡ್ ಸಿಕ್ಕಿಸುವ ಜಾಗ) ಸೌಂಡ್ ಬ್ಲಾಸ್ಟರ್ ಕಾರ್ಡ್, 1996ರಿಂದ ಬಂದ ತ್ರೀಡಿಎಫ್ಎಕ್ಸ್ ವೂಡೂ ಕಾರ್ಡ್, ಬ್ಯಾಟರಿ ಸೋರದ 386-486 ಬೋರ್ಡ್, ಓಡುವ 5.25 ಇಂಚಿನ ಡ್ರೈವ್, ಟಿವಿಎಸ್ ಗೋಲ್ಡ್‌ನಂಥ ಟಕಟಕ ಎನ್ನುವ ಮೆಕ್ಯಾನಿಕಲ್ ಕೀಬೋರ್ಡ್. ಪೆಂಟಿಯಂಗಳನ್ನು ಕೊಡುವ ಮುಂಚೆ ಒಂದೊಂದರ ಮುಚ್ಚಳ ತೆಗೆದು ಒಳಗೇನು ಕಾರ್ಡ್ ಇದೆ ನೋಡಿ. ಪ್ಲಾಸ್ಟಿಕ್ ಹಳದಿಯಾಗಿದೆ ಎಂದು ಬೆಲೆ ಇಳಿಸಿಕೊಳ್ಳಬೇಡಿ. ಬೆಂಕಿ ಹಿಡಿಯದಿರಲೆಂದು ಸೇರಿಸುತ್ತಿದ್ದ ಬ್ರೋಮಿನ್ ಇರುವ ಪ್ಲಾಸ್ಟಿಕ್ ಬಿಸಿಲು-ಬಿಸಿಗೆ ಹಾಗಾಗುವುದು ವಾಡಿಕೆ, ಒಳಗಿನ ಯಂತ್ರಕ್ಕೆ ಅದರಿಂದ ಏನೂ ಆಗಿರುವುದಿಲ್ಲ.

ಯುನಿಕಾರ್ನ್ ಬೇರೆಯೇ ತೂಕದ್ದು. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರಲ್ಲಿ ತಂದ ಬಿಬಿಸಿ ಮೈಕ್ರೊವನ್ನು ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಆ ಹೆಸರಿನಲ್ಲಿ ಇಲ್ಲಿ ತಯಾರಿಸಿತು. 1984-85ರಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತಂದ ‘ಕ್ಲಾಸ್’ ಯೋಜನೆಯ ಹೊತ್ತಿನ ಯಂತ್ರ ಇದು. ನಮ್ಮ ದೇಶದ ಎಷ್ಟೋ ಮಕ್ಕಳು ಮೊಟ್ಟಮೊದಲು ಮುಟ್ಟಿದ ಕೀಬೋರ್ಡ್ ಈ ಬಗೆಯದು. ಶಾಲೆಗಳಲ್ಲಿದ್ದವು ಬಹುಪಾಲು ಹರಾಜಾಗಿ ಗುಜರಿ ಸೇರಿವೆ. ಆ ಶಾಲೆಯ ಸ್ಟಾಕ್ ನಂಬರ್ ಬಣ್ಣದಲ್ಲಿ ಬರೆದದ್ದೋ ಚೀಟಿ ಅಂಟಿಸಿದ್ದೋ ಇದ್ದರೆ ಉಜ್ಜಿ ತೆಗೆಯಬೇಡಿ. ಅದು ಯಂತ್ರದ ಚರಿತ್ರೆಯ ಭಾಗ.

ಹಾಗಾದರೆ ಫ್ಲ್ಯಾಟಿಗೆ ಏನು ಒಯ್ಯಬೇಕು? ಜಾಗವನ್ನು ಮೊದಲು ಗೊತ್ತುಮಾಡಿ, ವಸ್ತುಗಳನ್ನು ಆಮೇಲೆ ಆರಿಸಿ. ಒಂದು ಬೀರು, ಒಂದು ಮೇಜು ಎಂದು ಮನೆಯವರೊಂದಿಗೆ ಕೂತು ಮಾತಾಡಿ ಒಪ್ಪಿಕೊಳ್ಳಿ. ನಾನಾದರೆ ಆರಿಸುವುದು: ಯುನಿಕಾರ್ನ್, ಸ್ಪೆಕ್ಟ್ರಮ್, ಕನ್ನಡ ಕಾರ್ಡಿನ 386, ಡಾಂಗಲ್ ಇರುವ 486, ಎಕ್ಸ್‌ಟಿ. ಇವುಗಳ ಜತೆ ನಿಮ್ಮ ಪೆಂಟಿಯಂಗಳಲ್ಲಿ ಒಂದೇ ಒಂದು: ಐಎಸ್‌ಎ ಸ್ಲಾಟ್ ಇರುವ, ಎರಡೂ ಅಳತೆಯ ಫ್ಲಾಪಿ ಡ್ರೈವ್ ತೊಡಿಸಬಹುದಾದ, ನೆಟ್‌ವರ್ಕ್ ಕಾರ್ಡ್ ಹಾಕಬಹುದಾದ ಯಂತ್ರ. ಹಳೆಯ ಡಿಸ್ಕಿನಿಂದ ಎತ್ತಿ ಹೊಸ ಲ್ಯಾಪ್‌ಟಾಪಿಗೆ ದಾಟಿಸುವ ಕೆಲಸಕ್ಕೆ ಅದು ಬೇಕೇ ಬೇಕು. ತೀರ ಹಳೆಯ ಐಡಿಇ ಡಿಸ್ಕ್‌ಗಳನ್ನು ಯುಎಸ್‌ಬಿ ಅಡಾಪ್ಟರ್‌ಗಳು ಗುರುತಿಸದೆ ಹೋಗುತ್ತವೆ. ಆಗಲೂ ಇದೇ ಗತಿ. ಮಾನಿಟರ್ ಹದಿನಾಲ್ಕರಲ್ಲಿ ಒಂದು ಸಾಕು, ಅದೂ ಎಕ್ಸ್‌ಟಿಗಾಗಿ. 15 ಪಿನ್ನಿನ ವಿಜಿಎ ಇರುವ ಯಂತ್ರಗಳೆಲ್ಲ ವಿಜಿಎ ಪೋರ್ಟಿನ ಎಲ್‌ಸಿಡಿಯಲ್ಲಿ ಕಾಣಿಸುತ್ತವೆ. ಎಕ್ಸ್‌ಟಿಯ 9 ಪಿನ್ನಿನ ಹರ್ಕ್ಯುಲಿಸ್ ಅಥವಾ ಸಿಜಿಎ ಮಾತ್ರ ಕಾಣಿಸುವುದಿಲ್ಲ.

ಉಳಿದದ್ದನ್ನು ಯಾರಿಗೆ ಕೊಡುವುದು? ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳ ಚಿಂತೆ ಬೇಡ. ತೊಗರಿ ದಾಲ್‌ಮಿಲ್‌ಗಳ ಲಾರಿ ತೂಗುವ ವೇಬ್ರಿಜ್‌ಗಳಲ್ಲಿ ಕಾರ್ಬನ್ ಪ್ರತಿಯ ಚೀಟಿ ಇನ್ನೂ ಬೇಕು. ಅವುಗಳನ್ನು ರಿಪೇರಿ ಮಾಡುವವರು ಬಿಡಿಭಾಗಕ್ಕಾದರೂ ಒಯ್ಯುತ್ತಾರೆ.

ಕಾಲೇಜಿಗೆ ಕೊಡುವ ಯೋಚನೆ ಒಳ್ಳೆಯದು, ಆದರೆ ಎಚ್ಚರಿಕೆ ಬೇಕು. ನಾನು ಕಂಡ ಒಂದು ಸಂಸ್ಥೆಯಲ್ಲಿ ಹೀಗಾಯಿತು: ದಾನ ಪಡೆದ ವಿಭಾಗದ ಮುಖ್ಯಸ್ಥರು ನಿವೃತ್ತರಾದರು, ಹೊಸಬರಿಗೆ ವಿಷಯ ಗೊತ್ತಿಲ್ಲ, ವಸ್ತುಗಳು ಡೆಡ್ ಸ್ಟಾಕ್ ರಿಜಿಸ್ಟರ್ ಸೇರಿದವು, ಮುಂದಿನ ವಿಲೇವಾರಿಯಲ್ಲಿ ಗುಜರಿಗೆ ಹೋದವು. ಕೊಟ್ಟವರ ಮನಸ್ಸಿಗೆ ಆದ ನೋವನ್ನು ಹತ್ತಿರದಿಂದ ನೋಡಿದ್ದೇನೆ. ಪಿಡಿಎ ಎಂಜಿನಿಯರಿಂಗ್ ಕಾಲೇಜು, ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ನಮ್ಮ ಜಿಲ್ಲಾ ವಿಜ್ಞಾನ ಕೇಂದ್ರ ಎಲ್ಲರನ್ನೂ ಕೇಳಿ ನೋಡಬಹುದು. ರಾಶಿಯನ್ನು ತೋರಿಸಿ ‘ತೊಗೊಳ್ರಿ’ ಎಂದರೆ ಯಾರೂ ಒಪ್ಪುವುದಿಲ್ಲ. ನಾಲ್ಕೈದು ವಸ್ತುಗಳ ಒಂದು ಪುಟ್ಟ ಗುಂಪು ಮಾಡಿ. ಯಾವ ವರ್ಷದ್ದು, ಯಾವ ಕೆಲಸಕ್ಕೆ ಬಳಸಿದ್ದು ಎಂದು ಕನ್ನಡದಲ್ಲಿ ಅರ್ಧ ಪುಟ ಬರೆದು ಜತೆಗಿಡಿ. ಎಲ್ಲಿಡುತ್ತಾರೆ, ಬೇಡವಾದಾಗ ನಿಮಗೆ ಮರಳಿಸುತ್ತಾರೆಯೇ ಎಂಬುದನ್ನು ಕಾಗದದ ಮೇಲೆ ಪಡೆಯಿರಿ. ಬಾಯಿಮಾತಿನ ಭರವಸೆಗೆ ಯುನಿಕಾರ್ನ್ ಕೊಡಬೇಡಿ.

ನಿಮ್ಮಲ್ಲಿ ಕಲಿತು ಹೋದವರನ್ನು ಮರೆಯಬೇಡಿ. ಅವರಲ್ಲಿ ಎಷ್ಟು ಜನ ಇಂದು ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಇದೇ ಕಸುಬಿನಲ್ಲಿದ್ದಾರೋ! ತಾವು ಟೈಪಿಂಗ್ ಕಲಿತ ಕೀಬೋರ್ಡನ್ನು, ಮೊದಲ ಪ್ರೋಗ್ರಾಂ ಬರೆದ 386ನ್ನು ಗುಜರಿಯವರಿಗಿಂತ ಹತ್ತು ಪಟ್ಟು ಪ್ರೀತಿಯಿಂದ ಒಯ್ಯುವವರು ಅವರೇ. ಹಳೆಯ ಹಾಜರಿ ಪುಸ್ತಕ ತೆರೆದು ನಾಲ್ಕು ಜನರಿಗೆ ಫೋನ್ ಮಾಡಿ.

ಯಾರಿಗೇ ಕೊಡಿ, ಹಾರ್ಡ್ ಡಿಸ್ಕ್ ತೆಗೆದಿಟ್ಟುಕೊಂಡೇ ಕೊಡಿ. ಗಿರಾಕಿಗಳ ಜಮೀನಿನ ಪತ್ರ, ಜಾತಕ, ವಿದ್ಯಾರ್ಥಿಗಳ ಅಂಕಪಟ್ಟಿ ಅದರಲ್ಲಿರಬಹುದು. ಡಿಲೀಟ್ ಮಾಡಿದ ಮಾತ್ರಕ್ಕೆ ಹೋಗುವುದಿಲ್ಲ. ಬೇಕಾದದ್ದನ್ನು ನಕಲು ಮಾಡಿಕೊಂಡ ಮೇಲೆ ಬೇಡದ ಡಿಸ್ಕಿಗೆ ಡ್ರಿಲ್ ಮಷಿನ್‌ನಿಂದ ತೂತು ಹೊಡೆದುಬಿಡಿ.

ಊರಿನ ಮನೆಯ ಖಾಲಿ ಕೋಣೆ ನನಗೆ ಒಪ್ಪಿಗೆಯಿಲ್ಲ. ಜನವಿಲ್ಲದ ಮನೆಯಲ್ಲಿ ಇಲಿಗಳು ಕೇಬಲ್ ಕಡಿದು ಕ್ಯಾಬಿನೆಟ್ ಒಳಗೇ ಮರಿ ಹಾಕುತ್ತವೆ, ಅವುಗಳ ಮೂತ್ರ ಬೋರ್ಡನ್ನು ತಿನ್ನುತ್ತದೆ. ಮ್ಯಾನುವಲ್‌ಗಳಿಗೆ ಗೆದ್ದಲು ಹಿಡಿಯುತ್ತದೆ. ಈಗ ತೆಗೆದುಕೊಳ್ಳಬೇಕಾದ ನಿರ್ಧಾರವನ್ನು ಐದು ವರ್ಷ ಮುಂದೂಡಿ, ಅಷ್ಟರಲ್ಲಿ ಎಲ್ಲವನ್ನೂ ಕಳೆದುಕೊಂಡಂತಾಗುತ್ತದೆ.

ಇನ್ನು ಮಾನಿಟರ್‌ಗಳು. ಗುಜರಿಯವರಿಗೆ ಬೇಕಾಗಿರುವುದು ಕೊಳವೆಯ ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿ ಮಾತ್ರ. ಅದನ್ನು ಕಿತ್ತ ಮೇಲೆ ಗಾಜನ್ನು ಖಾಲಿ ಸೈಟಿಗೋ ನಾಲೆಗೋ ಎಸೆಯುತ್ತಾರೆ. ಆ ಗಾಜಿನಲ್ಲಿ ಸೀಸ ಇದೆ. ವೈರನ್ನು ಸುಟ್ಟು ತಾಮ್ರ ತೆಗೆಯುವಾಗ ಏಳುವ ಹೊಗೆ ಇನ್ನೂ ಕೆಟ್ಟದ್ದು, ಅದನ್ನು ಕುಡಿಯುವುದು ಅಲ್ಲಿ ಕೆಲಸ ಮಾಡುವ ಹುಡುಗರು. ಹಾಗಾಗಿ ಕೆ.ಜಿ.ಗೆ ನಾಲ್ಕು ಕಾಸು ಕಡಿಮೆ ಬಂದರೂ, ಏನೂ ಬಾರದಿದ್ದರೂ ಇವುಗಳನ್ನು ಅಧಿಕೃತ ರೀಸೈಕ್ಲರ್‌ಗೇ ಕೊಡಿ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ರೀಸೈಕ್ಲರ್‌ಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡಿರಬೇಕು. ರಾಜ್ಯ ಮಂಡಳಿಯ ಪ್ರಾದೇಶಿಕ ಕಚೇರಿ ಕಲಬುರಗಿಯಲ್ಲೇ ಇದೆ, ಅಲ್ಲಿ ಪಟ್ಟಿ ಕೇಳಿ. ಒಂದೇ ಮನೆಯ ಸಾಮಾನಿಗೆ ದೂರದಿಂದ ಗಾಡಿ ಬರುವುದು ಕಷ್ಟ. ಯಾವುದಾದರೂ ಕಾಲೇಜು, ಬ್ಯಾಂಕಿನ ವಿಲೇವಾರಿ ನಡೆಯುವಾಗ ಜತೆಗೂಡಿಸಲು ಕೇಳಿಕೊಳ್ಳಿ, ರಸೀದಿ ಪಡೆಯಿರಿ. ಯುಪಿಎಸ್‌ಗಳ ಬ್ಯಾಟರಿಯನ್ನು ಬ್ಯಾಟರಿ ಅಂಗಡಿಯವರೇ ಹಳೆ ಬೆಲೆಗೆ ತೆಗೆದುಕೊಳ್ಳುತ್ತಾರೆ. ಮಾನಿಟರ್‌ಗಳನ್ನು ಮಾತ್ರ ನೀವೇ ಬಿಚ್ಚಲು ಹೋಗಬೇಡಿ. ಬಣ್ಣದ ಕೊಳವೆ ನಡೆಯುವುದು 20 ಸಾವಿರ ವೋಲ್ಟಿಗೂ ಮೇಲೆ, ಆಫ್ ಆದ ಮೇಲೂ ಚಾರ್ಜ್ ಉಳಿದಿರಬಹುದು. ಕುತ್ತಿಗೆ ಮುರಿದರೆ ಗಾಜು ಸಿಡಿಯುವ ಭಯ ಬೇರೆ. ಎತ್ತುವಾಗ ಪರದೆ ನಿಮ್ಮ ಎದೆಯ ಕಡೆಗಿರಲಿ, ಭಾರವೆಲ್ಲ ಆ ಬದಿಯಲ್ಲೇ ಇರುತ್ತದೆ.

ಸಾಗಿಸುವುದು ಬೆಳಗಿನ ತಂಪಿನಲ್ಲಿ ಮುಗಿಯಲಿ. ಫ್ಲಾಪಿ ಪೆಟ್ಟಿಗೆಯನ್ನು ಮಧ್ಯಾಹ್ನ ಬಿಸಿಲಿಗೆ ನಿಂತ ಗಾಡಿಯಲ್ಲಿ ಬಿಡಬೇಡಿ. 50 ಡಿಗ್ರಿ ಆಸುಪಾಸಿಗೆ ಫ್ಲಾಪಿಯ ತಾಳಿಕೆ ಮುಗಿಯುತ್ತದೆ, ಬಾಗಿಲು ಹಾಕಿದ ಗಾಡಿ ನಮ್ಮಲ್ಲಿ ಅದನ್ನು ಸುಲಭವಾಗಿ ಮೀರುತ್ತದೆ. 5.25 ಇಂಚಿನ ಡ್ರೈವುಗಳ ಬಾಯಿಗೆ ಬೇಡವಾದ ಫ್ಲಾಪಿಯನ್ನೋ ಅದೇ ಅಳತೆಯ ರಟ್ಟನ್ನೋ ತೂರಿಸಿ ಬಾಗಿಲು ಹಾಕಿ. ಹೊಸ ಮನೆಯಲ್ಲಿ ಬೀರುವನ್ನು ಪಡುವಣ ಗೋಡೆಗೆ ಆನಿಸಬೇಡಿ, ಬಚ್ಚಲ ಮೇಲಿನ ಅಟ್ಟವೂ ಬೇಡ. ಯಂತ್ರಗಳಿಗೆ ಮತ್ತೆ ಕರೆಂಟು ಕೊಡುವುದು ಪವರ್ ಸಪ್ಲೈಯನ್ನು ಬಿಚ್ಚಿ, ಕೆಪಾಸಿಟರ್ ಬದಲಿಸಿದ ಮೇಲೆ.

ಸ್ಪೆಕ್ಟ್ರಮ್‌ಗೆ ಅಂಗಡಿಯ 9 ವೋಲ್ಟ್ ಅಡಾಪ್ಟರ್ ಹಾಗೇ ಚುಚ್ಚಬೇಡಿ. ಇಂದಿನ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಪಿನ್ನಿನ ಒಳಭಾಗ ಪ್ಲಸ್, ಹೊರಭಾಗ ಮೈನಸ್. ಸ್ಪೆಕ್ಟ್ರಮ್‌ನದು ತಿರುಗುಮುರುಗು: ಒಳಗೆ ಮೈನಸ್, ಹೊರಗೆ ಪ್ಲಸ್. ತಪ್ಪಾಗಿ ಕೊಟ್ಟರೆ ವೋಲ್ಟೇಜ್ ತಯಾರಿಸುವ ಸಣ್ಣ ಟ್ರಾನ್ಸಿಸ್ಟರ್ ಸುಡುತ್ತದೆ, ಅದರ ಹಿಂದೆಯೇ 4116 ರ್‍ಯಾಮ್ ಚಿಪ್‌ಗಳೂ ಹೋಗುತ್ತವೆ. ಆ ಚಿಪ್‌ಗಳು ಈಗ ಸುಲಭಕ್ಕೆ ಸಿಗುವುದಿಲ್ಲ. ಮೂಲ ಅಡಾಪ್ಟರ್ 1.4 ಆಂಪಿಯರ್‌ನದು, ಅದಕ್ಕೆ ಕಡಿಮೆಯಿಲ್ಲದ 9 ವೋಲ್ಟ್ ಡಿಸಿ ಅಡಾಪ್ಟರ್ ತಂದು, ತಂತಿ ಅದಲುಬದಲು ಮಾಡಿಸಿ, ಮಲ್ಟಿಮೀಟರ್‌ನ ಕೆಂಪು ಮೊನೆಯನ್ನು ಪಿನ್ನಿನ ಹೊರಗೂ ಕಪ್ಪನ್ನು ಒಳಗೂ ಮುಟ್ಟಿಸಿ ನೋಡಿ. ಮುಂದೆ ಮೈನಸ್ ಗುರುತಿಲ್ಲದೆ 9 ಬಂದರೆ ಜೋಡಣೆ ಸರಿಯಿದೆ. ಕೀಬೋರ್ಡಿನ ಕೆಳಗಿನ ರಿಬ್ಬನ್ ಒಣಗಿ ಪುಟುಕ್ಕನೆ ಮುರಿಯುವ ಹಂತದಲ್ಲಿರುತ್ತದೆ, ಕೆಪಾಸಿಟರ್ ಬದಲಿಸಲು ಬಿಚ್ಚುವಾಗ ಮೇಲಿನ ಮುಚ್ಚಳವನ್ನು ಒಮ್ಮೆಲೇ ಎಳೆಯದೆ ನಿಧಾನಕ್ಕೆ ಎತ್ತಿ.